ಬೆನ್ನಿನ ತಂತಿ

ಕಳೆದ ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಹಳೆಯ ಪುಸ್ತಕಗಳ ಗಂಟೊಂದನ್ನು ಇಳಿಸಲು ಹೋಗಿ ಬೆನ್ನು ಹಿಡಿಸಿಕೊಂಡೆ. ಕಲಿತದ್ದು ತಲೆಗೆ ಭಾರವಾಗದಿದ್ದರೂ ಬೆನ್ನಿಗೆ ಭಾರವಾಯಿತೆಂದು ಮನೆಯವರು ನಕ್ಕರು. ವೈದ್ಯರು ಮಾತ್ರ ನಗಲಿಲ್ಲ. ಎರಡು ಬೆನ್ನುಮಣಿಗಳ ನಡುವೆ ಮೆತ್ತೆಯಂತೆ ಒಂದೊಂದು ಬಿಲ್ಲೆ ಇರುತ್ತದೆ, ಆ ಬಿಲ್ಲೆಯೊಳಗೆ ಲೋಳೆಯಂಥ ತಿರುಳು ಇರುತ್ತದೆ, ಒಂದು ಬಿಲ್ಲೆಯ ತಿರುಳು ಹೊರಕ್ಕೆ ಉಬ್ಬಿ ನರವನ್ನು ಒತ್ತುತ್ತಿದೆ ಎಂದು ವಿವರಿಸಿ, ಕೆಲವು ದಿನ ಕಾಲೇಜಿನ ಕಡೆ ಸುಳಿಯಕೂಡದೆಂದು ಅಪ್ಪಣೆ ಮಾಡಿದರು.

ಹೀಗೆ ಮಂಚವೇ ಗತಿಯಾದ ದಿನಗಳಲ್ಲಿ ಪಕ್ಕದ ಕೋಣೆಯಿಂದ ಮಗಳ ಓದು ಕಿವಿಗೆ ಬೀಳುತ್ತಿತ್ತು. ಅವಳು ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡಿದ್ದಾಳೆ. "ಕಾರ್ಡೇಟ ವಂಶದ ಪ್ರಾಣಿಗಳಲ್ಲಿ ಜೀವಿತದ ಯಾವುದಾದರೊಂದು ಹಂತದಲ್ಲಿ ನೋಟೊಕಾರ್ಡ್ ಇರುತ್ತದೆ" ಎಂದು ಅವಳು ಮಂತ್ರದಂತೆ ಹೇಳಿಕೊಳ್ಳುತ್ತಿದ್ದಳು. ನಾನು ಮಲಗಿದಲ್ಲಿಂದಲೇ ಕೇಳಿದೆ: "ಅದೇನಮ್ಮಾ, ಯಾವುದಾದರೊಂದು ಹಂತದಲ್ಲಿ? ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ." ಅವಳು ಪುಸ್ತಕದಿಂದ ತಲೆಯೆತ್ತದೆ, "ಅದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ ಅಪ್ಪಾ" ಎಂದಳು.

ನಾನು ಪ್ರಾಣಿಶಾಸ್ತ್ರಜ್ಞನಲ್ಲ, ಕನ್ನಡ ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವವನು. ಆದರೆ ವ್ಯಾಕರಣ ಓದಿದವರಿಗೆ ಒಂದು ಮಾತು ಗೊತ್ತು. ಸೂತ್ರವೊಂದರ ನಡುವೆ 'ವಿಕಲ್ಪದಿಂದ' ಎಂಬಂಥ ಸಣ್ಣ ಪದ ಸಿಕ್ಕಿದರೆ ಅದರ ಹಿಂದೆ ಒಂದು ಇತಿಹಾಸವಿದೆ, ಬಹುಶಃ ಒಂದು ಜಗಳವೂ ಇದೆ. 'ಯಾವುದಾದರೊಂದು ಹಂತದಲ್ಲಿ' ಎಂಬ ಮಾತೂ ಅಂಥದೇ ಇರಬೇಕೆಂದು ನನಗೆ ಅನುಮಾನ ಬಂದಿತು. ಎದ್ದು ಓಡಾಡುವಂತಾದ ಮೇಲೆ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರಲ್ಲಿ ಪುಸ್ತಕಗಳನ್ನು ಬೇಡಿ ತಂದು ಓದಿದೆ. ಅನುಮಾನ ನಿಜವಾಯಿತು. ಆ ಮೂರು ಪದಗಳ ಚರಿತ್ರೆಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಲಕ್ಷಣಗಳನ್ನು ಹೇಳಿಬಿಡುತ್ತೇನೆ. ಕಾರ್ಡೇಟಗಳಿಗೆ ಐದು ಲಕ್ಷಣಗಳು. ಒಂದು, ಬೆನ್ನಿನ ಉದ್ದಕ್ಕೂ ಹಾಯ್ದಿರುವ, ಬಾಗಿದರೂ ಮುರಿಯದ ಒಂದು ಕಡ್ಡಿ; ಅದೇ ನೋಟೊಕಾರ್ಡ್. ಗ್ರೀಕಿನಲ್ಲಿ 'ನೋಟಾನ್' ಎಂದರೆ ಬೆನ್ನು, 'ಖೋರ್ಡೆ' ಎಂದರೆ ಕರುಳಿನಿಂದ ಹೊಸೆದ ವಾದ್ಯದ ತಂತಿ. ಆದ್ದರಿಂದ ಅದನ್ನು ಬೆನ್ನುತಂತಿ ಎಂದು ಕರೆದರೆ ತಪ್ಪಾಗದು. ಎರಡು, ಆ ತಂತಿಯ ಮೇಲ್ಭಾಗದಲ್ಲಿ ಕೊಳವೆಯಂತೆ ಟೊಳ್ಳಾದ ನರದ ಹುರಿ. ಎರೆಹುಳು, ಜಿರಳೆಗಳಲ್ಲಿಯೂ ನರದ ಹುರಿ ಉಂಟು; ಆದರೆ ಅದು ಹೊಟ್ಟೆಯ ಕಡೆ ಇರುತ್ತದೆ, ಟೊಳ್ಳಾಗಿರುವುದಿಲ್ಲ. ಮೂರು, ಗಂಟಲಿನ ಇಕ್ಕೆಲಗಳಲ್ಲಿ ಸೀಳುಗಳು. ಮೀನಿನಲ್ಲಿ ಇವೇ ಕಿವಿರಿನ ಸೀಳುಗಳು. ನಾಲ್ಕು, ಗುದದ್ವಾರವನ್ನು ದಾಟಿ ಹಿಂದಕ್ಕೆ ಬೆಳೆದ ಬಾಲ. ಐದು, ಗಂಟಲ ತಳದಲ್ಲಿ ಲೋಳೆ ಸುರಿಸುವ ಒಂದು ಕಾಲುವೆ; ಅದೇ ನಮ್ಮಂಥವರಲ್ಲಿ ಥೈರಾಯಿಡ್ ಗ್ರಂಥಿಯಾಗಿ ಮಾರ್ಪಟ್ಟಿದೆ. ಬೆನ್ನೆಲುಬು ಈ ಐದರಲ್ಲಿ ಸೇರಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಅದು ಆ ಬಳಿಕ, ಬೆನ್ನುತಂತಿಯ ಸುತ್ತ ಕಟ್ಟಿಕೊಂಡ ಕೋಟೆ.

ಹಿಂದಿನವರು ಪ್ರಾಣಿಗಳನ್ನು ಹೇಗೆ ವಿಂಗಡಿಸಿದರು? ನಮ್ಮವರು ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ್ಜವೆಂದು ಹುಟ್ಟಿನ ರೀತಿಯಿಂದ ವಿಂಗಡಿಸಿದರು. ಗ್ರೀಸಿನ ಅರಿಸ್ಟಾಟಲ್ ರಕ್ತವುಳ್ಳವು, ರಕ್ತವಿಲ್ಲದವು ಎಂದು ಎರಡು ಪಾಲು ಮಾಡಿದ. ಅವನು ರಕ್ತವೆಂದದ್ದು ಕೆಂಪು ರಕ್ತವನ್ನು. ಅವನ ಮೊದಲ ಪಾಲು ಇಂದಿನ ಕಶೇರುಕಗಳಿಗೆ, ಅಂದರೆ ಬೆನ್ನೆಲುಬಿನ ಪ್ರಾಣಿಗಳಿಗೆ, ಹೆಚ್ಚು ಕಡಿಮೆ ಸರಿಹೊಂದುತ್ತದೆ. ಡಾಲ್ಫಿನ್ ನೀರಿನಲ್ಲಿದ್ದರೂ ಶ್ವಾಸಕೋಶದಿಂದ ಉಸಿರಾಡಿ, ಮರಿಗೆ ಹಾಲೂಡಿಸುತ್ತದೆಂದು ಆತ ಕಂಡುಕೊಂಡಿದ್ದ. ಎರಡು ಸಾವಿರ ವರ್ಷಗಳ ಬಳಿಕ ಸ್ವೀಡನ್ನಿನ ಲಿನೇಯಸ್ ೧೭೩೫ರ ತನ್ನ ಪಟ್ಟಿಯಲ್ಲಿ ತಿಮಿಂಗಿಲವನ್ನು ಮತ್ತೆ ಮೀನುಗಳ ಸಾಲಿಗೆ ಸೇರಿಸಿದ. ೧೭೫೮ರ ಹತ್ತನೆಯ ಆವೃತ್ತಿಯಲ್ಲಿ ತಿದ್ದಿಕೊಂಡು ಸಸ್ತನಿಗಳ ಜೊತೆಗಿಟ್ಟ. ವಿದ್ಯೆ ಸದಾ ಮುಂದಕ್ಕೇ ನಡೆಯುತ್ತದೆಂದು ನಂಬಿದವರಿಗೆ ಇದೊಂದು ಪಾಠ.

ಕಶೇರುಕ, ಅಕಶೇರುಕ ಎಂಬ ಭೇದವನ್ನು ಬಳಕೆಗೆ ತಂದವನು ಫ್ರಾನ್ಸಿನ ಲಾಮಾರ್ಕ್. ಅವನ ಸಮಕಾಲೀನನಾದ ಕುವಿಯೇ ೧೮೧೨ರಲ್ಲಿ ಪ್ರಾಣಿಲೋಕವನ್ನೆಲ್ಲ ನಾಲ್ಕು ಶಾಖೆಗಳಾಗಿ ಒಡೆದ: ಬೆನ್ನೆಲುಬಿನವು, ಮೃದ್ವಂಗಿಗಳು, ಕೀಲುಳ್ಳವು, ಚಕ್ರಾಕಾರದವು. ಈ ನಾಲ್ಕರ ನಡುವೆ ಸೇತುವೆಯಿಲ್ಲ. ಒಂದರ ರಚನೆ ಇನ್ನೊಂದಕ್ಕೆ ಎಂದೂ ದಾಟದು ಎಂಬುದು ಅವನ ಸಿದ್ಧಾಂತ. ೧೮೩೦ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಜೊಫ್ರುವಾ ಎಂಬ ಇನ್ನೊಬ್ಬ ಪಂಡಿತ ಇದನ್ನು ವಿರೋಧಿಸಿ ವಾದಿಸಿದಾಗ ಕುವಿಯೇಯೇ ಗೆದ್ದನೆಂದು ಬಹುಮಂದಿ ಭಾವಿಸಿದರು. ಗೋಡೆಗಳು ನಾಲ್ಕೂ ಭದ್ರವಾಗಿ ನಿಂತವು.

ಈ ಗೋಡೆಯನ್ನು ಕೆಡವಿದ್ದು ಕಡಲ ತಳದ ಬಂಡೆಗೆ ಅಂಟಿಕೊಂಡು ಕೂತ ಒಂದು ಚೀಲ. ಅದರ ಹೆಸರು ಆಸಿಡಿಯನ್. ಗ್ರೀಕ್ ಮೂಲದಲ್ಲಿ ಇದರ ಅರ್ಥ ಪುಟ್ಟ ತಿತ್ತಿ. ಮದ್ಯ ತುಂಬುವ ಚರ್ಮದ ತಿತ್ತಿ. ಆದ್ದರಿಂದ ನಾವು ಕಡಲತಿತ್ತಿ ಎನ್ನೋಣ. ಕಾಲಿಲ್ಲ, ಕಣ್ಣಿಲ್ಲ, ತಲೆಯೆಂಬುದಿಲ್ಲ. ಎರಡು ಬಾಯಿಗಳು, ಒಂದರಿಂದ ನೀರೆಳೆದು ಇನ್ನೊಂದರಿಂದ ಹೊರಬಿಡುತ್ತದೆ. ನಡುವೆ ಜಾಲರಿಯಂಥ ಗಂಟಲಿನಲ್ಲಿ ಸಿಕ್ಕಿದ ಕಣಗಳೇ ಆಹಾರ. ಮುಟ್ಟಿದರೆ ಪಿಚಕಾರಿಯಂತೆ ನೀರು ಚಿಮ್ಮಿಸುತ್ತದೆ. ಇದರ ಹೃದಯ ಕೆಲವು ಹೊತ್ತು ಒಂದು ದಿಕ್ಕಿಗೆ ರಕ್ತವನ್ನು ನೂಕಿ, ನಿಂತು, ಬಳಿಕ ಎದುರು ದಿಕ್ಕಿಗೆ ನೂಕುತ್ತದೆ. ಮೈಮೇಲಿನ ಕವಚದಲ್ಲಿ ಗಿಡಮರಗಳಲ್ಲಿರುವ ಸೆಲ್ಯುಲೋಸ್ ಇದೆಯೆಂದು ೧೮೪೫ರಲ್ಲಿ ಗೊತ್ತಾಯಿತು. ಅರಿಸ್ಟಾಟಲನಿಗೂ ಈ ಪ್ರಾಣಿ ಪರಿಚಿತ. ಇದು ಗಿಡಕ್ಕೆ ಹತ್ತಿರವೆಂದು ಆತ ಭಾವಿಸಿದ್ದ. ಕುವಿಯೇ ಇದನ್ನು ಚಿಪ್ಪಿಲ್ಲದ ಮೃದ್ವಂಗಿಯೆಂದು ಬಸವನಹುಳು, ಕಪ್ಪೆಚಿಪ್ಪುಗಳ ಕಡೆಗೆ ತಳ್ಳಿದ. ಲಾಮಾರ್ಕ್ ೧೮೧೬ರಲ್ಲಿ ಇಂಥವನ್ನು ಬೇರ್ಪಡಿಸಿ 'ಟ್ಯೂನಿಕೇಟ', ಎಂದರೆ ಕಂಚುಕ ತೊಟ್ಟವು, ಎಂದು ಹೆಸರಿಟ್ಟನಾದರೂ ಇವು ಯಾರ ಬಂಧುಗಳೆಂದು ಯಾರಿಗೂ ತಿಳಿದಿರಲಿಲ್ಲ.

೧೮೬೪ರ ಸುಮಾರಿಗೆ ರಷ್ಯದ ಒಬ್ಬ ತರುಣ ಇಟಲಿಯ ನೇಪಲ್ಸಿಗೆ ಬಂದ. ಹೆಸರು ಅಲೆಕ್ಸಾಂಡರ್ ಕೊವಾಲೆವ್ಸ್ಕಿ, ಹುಟ್ಟಿದ್ದು ೧೮೪೦ರಲ್ಲಿ. ಗಣಿತದಲ್ಲಿ ಹೆಸರಾದ ಸೋಫಿಯಾ ಕೊವಾಲೆವ್ಸ್ಕಾಯ ಈತನ ತಮ್ಮನ ಹೆಂಡತಿ. ಈತ ಹಿಡಿದ ದಾರಿ ಸರಳವಾದುದು. ಬೆಳೆದ ಪ್ರಾಣಿಯನ್ನು ಎಲ್ಲರೂ ಕುಯ್ದು ನೋಡಿದ್ದರು. ಈತ ಮೊಟ್ಟೆಯಿಂದ ಆರಂಭಿಸಿ ಗಳಿಗೆ ಗಳಿಗೆಗೂ ಏನಾಗುತ್ತದೆಂದು ಸೂಕ್ಷ್ಮದರ್ಶಕದಲ್ಲಿ ಕಾದು ನೋಡಿದ.

ಕಡಲತಿತ್ತಿಯ ಮರಿ ಗೊದಮೊಟ್ಟೆಯಂತಿದ್ದು ಬಾಲ ಬಡಿದು ಈಜುತ್ತದೆಂಬುದು ಮೊದಲೇ ತಿಳಿದ ಸಂಗತಿ. ಡಾರ್ವಿನ್ ೧೮೩೩ರಲ್ಲಿ ಫಾಕ್‌ಲೆಂಡ್ ದ್ವೀಪಗಳಲ್ಲಿ ಅಂಥ ಮರಿಗಳನ್ನು ಕಂಡಿದ್ದ. ಆದರೆ ಆ ಬಾಲದೊಳಗೆ ಏನಿದೆ, ಅದು ಹೇಗೆ ರೂಪುಗೊಂಡಿತು ಎಂಬುದನ್ನು ಕೊವಾಲೆವ್ಸ್ಕಿ ಹೊರತೆಗೆದ. ಬಾಲದ ನಡುವೆ ಒಂದು ಕಡ್ಡಿ, ಬೆನ್ನುತಂತಿ. ಅದರ ಮೇಲೆ ನರದ ಕೊಳವೆ. ಅದು ಬೆನ್ನಿನ ಚರ್ಮ ಮಡಿಚಿಕೊಂಡು ಕೊಳವೆಯಾದುದು, ಕೋಳಿಮರಿಯಲ್ಲಿ, ಕಪ್ಪೆಯಲ್ಲಿ ಆಗುವಂತೆಯೇ. ಗಂಟಲಿನಲ್ಲಿ ಸೀಳು. ಈ ಮರಿ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಈಜಿ, ಬಂಡೆಯೊಂದಕ್ಕೆ ಮೂತಿಯನ್ನು ಅಂಟಿಸಿಕೊಳ್ಳುತ್ತದೆ. ಆಮೇಲೆ ಬಾಲ ಒಳಕ್ಕೆ ಕರಗುತ್ತದೆ. ಬೆನ್ನುತಂತಿ ಹೋಗುತ್ತದೆ, ನರದ ಕೊಳವೆ ಹೋಗುತ್ತದೆ, ಕಣ್ಣಿನ ಚುಕ್ಕೆ ಹೋಗುತ್ತದೆ. ಉಳಿಯುವುದು ಚೀಲ. ಬಾಲ್ಯದಲ್ಲಿ ನಮ್ಮ ಕುಲದ ಗುರುತುಗಳನ್ನೆಲ್ಲ ಹೊತ್ತಿದ್ದ ಪ್ರಾಣಿ ದೊಡ್ಡದಾದ ಮೇಲೆ ಅವುಗಳಲ್ಲಿ ಬಹುಪಾಲನ್ನು ಬಿಟ್ಟುಕೊಡುತ್ತದೆ.

ಕೊವಾಲೆವ್ಸ್ಕಿ ಇದನ್ನು ೧೮೬೬ರಲ್ಲಿ ಪ್ರಕಟಿಸಿದ. ಆಗ ಅವನಿಗೆ ಇಪ್ಪತ್ತಾರು ವರ್ಷ. ನನ್ನ ಮಗಳ ಪುಸ್ತಕದ 'ಯಾವುದಾದರೊಂದು ಹಂತದಲ್ಲಿ' ಎಂಬ ಮಾತಿನ ಹುಟ್ಟೂರು ಇದು. ಆ ಮಾತನ್ನು ತೆಗೆದುಹಾಕಿದರೆ ಕಡಲತಿತ್ತಿ ನಮ್ಮ ಕುಲದಿಂದ ಹೊರಗಾಗುತ್ತದೆ. ಅದನ್ನು ಒಳಗೆ ಕರೆದುಕೊಳ್ಳಲೆಂದೇ ಲಕ್ಷಣವಾಕ್ಯದ ಬಾಗಿಲನ್ನು ಇಷ್ಟು ಅಗಲ ಮಾಡಬೇಕಾಯಿತು.

ಆತ ಇನ್ನೊಂದು ಪ್ರಾಣಿಯನ್ನೂ ಕೈಗೆತ್ತಿಕೊಂಡಿದ್ದ. ಅದು ಆಂಫಿಯಾಕ್ಸಸ್. ಮರಳಿನಲ್ಲಿ ಹುದುಗಿ ಬದುಕುವ, ಎರಡು ತುದಿಯೂ ಚೂಪಾದ, ಕಿರುಬೆರಳಿಗಿಂತ ಚಿಕ್ಕದಾದ ಜೀವಿ. ಇದರ ಕಥೆಯೂ ತಮಾಷೆಯದೇ. ೧೭೭೪ರಲ್ಲಿ ಪಲ್ಲಾಸ್ ಎಂಬ ಪಂಡಿತ ಇದನ್ನು ಬಸವನಹುಳುವಿನ ಜಾತಿಯೆಂದು ದಾಖಲು ಮಾಡಿದ. ೧೮೩೪ರಲ್ಲಿ ನೇಪಲ್ಸಿನ ಕೋಸ್ಟ ಇದು ಮೀನಿನ ನೆಂಟನೆಂದು ಗುರುತಿಸಿ ಬ್ರಾಂಕಿಯೋಸ್ಟೋಮ ಎಂದು ಕರೆದ. ಎರಡು ವರ್ಷದ ಮೇಲೆ ಇಂಗ್ಲೆಂಡಿನ ಯಾರೆಲ್ ಆಂಫಿಯಾಕ್ಸಸ್ ಎಂದು ಮರುನಾಮಕರಣ ಮಾಡಿದ. ಶಾಸ್ತ್ರದ ನಿಯಮದಂತೆ ಹಳೆಯ ಹೆಸರೇ ಗೆದ್ದರೂ ಬಾಯಲ್ಲಿ ಉಳಿದದ್ದು ಹೊಸದು. ಚೀಣದ ಅಮಾಯ್ ತೀರದಲ್ಲಿ ಬೆಸ್ತರು ಇದನ್ನು ಬುಟ್ಟಿಗಟ್ಟಲೆ ಹಿಡಿದು ಊಟಕ್ಕೆ ಮಾರುತ್ತಿದ್ದ ಸಂಗತಿ ೧೯೨೩ರಲ್ಲಿ ಹೊರಗಿನ ವಿದ್ವಾಂಸರಿಗೆ ತಿಳಿಯಿತು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಒಂದೊಂದನ್ನೇ ಪೂಜ್ಯಭಾವದಿಂದ ನೋಡುತ್ತಿದ್ದವರಿಗೆ ಅದು ಬಾಣಲೆಯಲ್ಲಿ ಬೇಯುವುದನ್ನು ಕೇಳಿ ಏನೆನ್ನಿಸಿತೋ! ಈ ಜೀವಿಯಲ್ಲಿ ಬೆನ್ನುತಂತಿ ಬಾಲದಿಂದ ಮೂತಿಯವರೆಗೂ ಇದೆ, ಜೀವಮಾನವಿಡೀ ಇದೆ. ಆದರೆ ಬೆನ್ನೆಲುಬು ಇಲ್ಲ. ಇದೂ ಕಡಲತಿತ್ತಿಯೂ ಮೊದಮೊದಲು ಒಂದೇ ಹಾದಿಯಲ್ಲಿ ಬೆಳೆಯುತ್ತವೆಂದು ಕೊವಾಲೆವ್ಸ್ಕಿ ತೋರಿಸಿಕೊಟ್ಟ.

ಕುವಿಯೇಯ ಗೋಡೆ ಬಿದ್ದಿತು. ಡಾರ್ವಿನ್ ತನ್ನ ೧೮೭೧ರ ಮಾನವನ ಅವತರಣವನ್ನು ಕುರಿತ ಗ್ರಂಥದಲ್ಲಿ ಈ ಶೋಧವನ್ನು ಆದರದಿಂದ ಎತ್ತಿ ಹೇಳಿದ. ಜರ್ಮನಿಯ ಹೆಕೆಲ್ ಸಂಭ್ರಮಪಟ್ಟ. ಎಲ್ಲರೂ ಒಪ್ಪಿದರೆಂದು ಮಾತ್ರ ತಿಳಿಯಬೇಡಿ. ಇಲ್ಲಿ ಈ ಚರಿತ್ರೆಯ ಬಹಳ ಮನಕಲಕುವ ಪ್ರಸಂಗವೊಂದು ಬರುತ್ತದೆ.

ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಭ್ರೂಣಶಾಸ್ತ್ರದ ಪಿತಾಮಹ. ಸಸ್ತನಿಗಳ ಅಂಡಾಣುವನ್ನು ೧೮೨೭ರಲ್ಲಿ ಮೊದಲು ಕಂಡವರು ಇವರು. ೧೮೨೮ರ ತಮ್ಮ ಗ್ರಂಥದಲ್ಲಿ ಕೋಳಿಯ ಭ್ರೂಣದ ಬೆನ್ನುತಂತಿಯನ್ನು ವರ್ಣಿಸಿದವರೂ ಇವರೇ. ಭ್ರೂಣದಲ್ಲಿ ಮೊದಲು ಕುಲದ ಸಾಮಾನ್ಯ ಲಕ್ಷಣಗಳು, ಬಳಿಕ ಜಾತಿಯ ವಿಶೇಷ ಲಕ್ಷಣಗಳು ಮೂಡುತ್ತವೆಂಬ ನಿಯಮವೂ ಇವರದೇ. ಕೊವಾಲೆವ್ಸ್ಕಿ ಹಿಡಿದ ದೀಪಕ್ಕೆ ಎಣ್ಣೆ ಎರೆದವರು ಇವರು ಎಂದರೆ ಅತಿಶಯೋಕ್ತಿಯಲ್ಲ. ಇವರ ಹೆಸರಿನಲ್ಲಿ ರಷ್ಯದ ಅಕಾಡೆಮಿ ಸ್ಥಾಪಿಸಿದ ಬಹುಮಾನ ೧೮೬೭ರಲ್ಲಿ ಕೊವಾಲೆವ್ಸ್ಕಿಗೂ ಅವನ ಗೆಳೆಯ ಮೆಚ್ನಿಕಾಫ್‌ಗೂ ಹಂಚಿಕೆಯಾಯಿತು. ಆದರೆ ಪ್ರಾಣಿಗಳ ಮೂಲ ಮಾದರಿಗಳು ನಾಲ್ಕು, ಒಂದು ಇನ್ನೊಂದಾಗದು ಎಂದು ಬೇರ್ ಅವರೂ ಬಾಳೆಲ್ಲ ನಂಬಿದವರು. ೧೮೭೩ರಲ್ಲಿ, ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ, ಕಡಲತಿತ್ತಿಯ ಮರಿ ಕಶೇರುಕಗಳ ಮಾದರಿಯಲ್ಲಿ ಬೆಳೆಯುತ್ತದೆಂಬುದನ್ನು ಅಲ್ಲಗಳೆದು ಅವರು ಪ್ರಬಂಧ ಬರೆದರು. ಮೂರು ವರ್ಷಗಳ ಬಳಿಕ ತೀರಿಕೊಂಡರು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮುದುಕರ ಹಟವೆಂದು ನಗುವುದು ಸುಲಭ. ಆದರೆ ತಾವೇ ಬೆಳಕಿಗೆ ತಂದ ತಂತಿ ತಾವು ಕಟ್ಟಿದ ಮನೆಯನ್ನೇ ಉರುಳಿಸುವುದನ್ನು ನೋಡುವ ಸಂಕಟ ಸಾಮಾನ್ಯವಾದುದಲ್ಲ. ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೂ ಇದರ ಸಣ್ಣ ಅನುಭವವುಂಟು. ವಿದ್ಯಾರ್ಥಿಯೊಬ್ಬ ಎದ್ದುನಿಂತು, ನಾನೇ ಹೇಳಿಕೊಟ್ಟ ನಿಯಮದಿಂದ ನನ್ನ ನಿರುಕ್ತವೊಂದು ತಪ್ಪೆಂದು ತೋರಿಸಿದ್ದ. ನಾನು ಆ ದಿನ ಅವನನ್ನು ಗದರಿಸಿ ಕೂರಿಸಿದೆ. ಅವನು ಹೇಳಿದ್ದೇ ಸರಿ. ಅದನ್ನು ಅವನಿಗೆ ಹೇಳುವ ಮೊದಲೇ ಅವನು ಓದು ಮುಗಿಸಿ ಹೊರಟುಹೋಗಿದ್ದ.

ಇಂಥ ಬಾಂಧವ್ಯದ ವಿಚಾರ ನಮ್ಮ ಶಾಸ್ತ್ರಕ್ಕೆ ಹೊರಗಿನದಲ್ಲ. ಲಾಮಾರ್ಕ್ ಕಂಚುಕಪ್ರಾಣಿಗಳಿಗೆ ಹೆಸರಿಟ್ಟ ೧೮೧೬ರಲ್ಲಿಯೇ ಮದರಾಸಿನಲ್ಲಿ ಎಲ್ಲಿಸ್ ಎಂಬ ಅಧಿಕಾರಿ ತಮಿಳು, ತೆಲುಗು, ಕನ್ನಡಗಳು ಒಂದೇ ಮೂಲದವೆಂದು ಬರೆದ. ೧೮೫೬ರಲ್ಲಿ ಕಾಲ್ಡ್‌ವೆಲ್ ಅದನ್ನು ಶಾಸ್ತ್ರವಾಗಿ ವಿಸ್ತರಿಸಿದ. ನಮ್ಮಲ್ಲಿಯೂ ನೆಂಟಸ್ತನ ತಿಳಿಯುವುದು ಈಗಿನ ಮುಖದಿಂದಲ್ಲ, ಹಳೆಯ ರೂಪದಿಂದ. 'ಹಾಲು' ಎಂಬ ಮಾತನ್ನು ತಮಿಳರ 'ಪಾಲ್' ಪಕ್ಕದಲ್ಲಿಟ್ಟರೆ ನೆಂಟಸ್ತನ ಥಟ್ಟನೆ ಹೊಳೆಯದಿರಬಹುದು. ಹಳಗನ್ನಡದ 'ಪಾಲ್' ನೋಡಿದರೆ ಸಂದೇಹವೇ ಉಳಿಯದು. ದೂರದ ಬಲೂಚಿಸ್ತಾನದ ಬ್ರಾಹೂಯಿ ಭಾಷೆ ಕೇಳಿದವರಿಗೆ ನೆರೆಯ ಭಾಷೆಗಳಂತೆಯೇ ತೋರೀತು. ಅದರ ಶಬ್ದಗಳ ಬಹುಪಾಲು ಎರವಲು. ಆದರೆ ಎರಡಕ್ಕೆ 'ಇರಟ್' ಎನ್ನುತ್ತದೆ, ಮೂರಕ್ಕೆ 'ಮುಸಿಟ್' ಎನ್ನುತ್ತದೆ. ಕಂಚುಕ ಯಾವುದಾದರೇನು, ಒಳಗೆ ತಂತಿ ನಮ್ಮದು.

ಕಾರ್ಡೇಟ ಎಂಬ ಮನೆತನದ ಹೆಸರು ನೆಲೆಗೊಂಡದ್ದು ಆಮೇಲೆ. ಹೆಕೆಲ್ ೧೮೭೪ರಲ್ಲಿ 'ಕಾರ್ಡೋನಿಯ' ಎಂದ. ಇಂಗ್ಲೆಂಡಿನ ಬಾಲ್ಫರ್ ಮತ್ತು ಬೇಟ್ಸನ್ ಎಂಬ ವಿದ್ವಾಂಸರ ಬರಹಗಳಿಂದ 'ಕಾರ್ಡೇಟ' ರೂಢಿಗೆ ಬಂದಿತು. ಬಾಲ್ಫರ್ ೧೮೮೨ರಲ್ಲಿ ಆಲ್ಪ್ಸ್ ಪರ್ವತ ಹತ್ತುವಾಗ ಬಿದ್ದು ಸತ್ತ, ವಯಸ್ಸು ಮೂವತ್ತು. ಬೇಟ್ಸನ್ ಅಮೆರಿಕದ ಕರಾವಳಿಗೆ ಹೋಗಿ ಬಲನೋಗ್ಲಾಸಸ್ ಎಂಬ ಹುಳುವನ್ನು ಅಭ್ಯಾಸ ಮಾಡಿ, ಅದರ ಕೊರಳಿನಲ್ಲಿ ಬೆನ್ನುತಂತಿಯ ತುಣುಕಿದೆಯೆಂದು ವಾದಿಸಿ, ಅದನ್ನೂ ಅರೆಕಾರ್ಡೇಟವೆಂದು ಮನೆಯೊಳಕ್ಕೆ ಸೇರಿಸಿಕೊಂಡ. ಆ ಹುಳುವಿಗೆ ಗಂಟಲಿನ ಸೀಳುಗಳಿರುವುದನ್ನು ಕೊವಾಲೆವ್ಸ್ಕಿ ೧೮೬೬ರಲ್ಲಿಯೇ ಕಂಡಿದ್ದ. ಇದರ ಬಂಧುವೊಂದು ನಮ್ಮ ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ಮರಳಿನಲ್ಲಿ ಸಿಗುತ್ತದೆ. ಆದರೆ ಬೇಟ್ಸನ್ ತಂತಿಯೆಂದದ್ದು ನಿಜವಾದ ಬೆನ್ನುತಂತಿಯಲ್ಲವೆಂದು ಮುಂದಿನವರು ನಿರ್ಣಯಿಸಿ ಅದನ್ನು ಹೊರಗಿಟ್ಟರು. ಅದೀಗ ನಕ್ಷತ್ರಮೀನುಗಳ ನೆರೆಯಲ್ಲಿ ಬೇರೆ ವಂಶವಾಗಿ ನಿಂತಿದೆ.

ಉಳಿದ ಮನೆಯ ಪಾಲು ಮೂರು. ಬಾಲದಲ್ಲಿ ತಂತಿಯಿರುವ ಕಂಚುಕಪ್ರಾಣಿಗಳು ಸುಮಾರು ಮೂರು ಸಾವಿರ ಜಾತಿ. ತಲೆಯವರೆಗೆ ತಂತಿಯಿರುವ ಆಂಫಿಯಾಕ್ಸಸ್ ಬಳಗ ಸುಮಾರು ಮೂವತ್ತು ಜಾತಿ. ಮೂರನೆಯದು ಕಶೇರುಕಗಳು: ದವಡೆಯಿಲ್ಲದ ಲ್ಯಾಂಪ್ರೇ, ಮೃದ್ವಸ್ಥಿಯ ತೊರಕೆ ಮತ್ತು ಶಾರ್ಕ್, ಮೂಳೆಯ ಮೀನುಗಳು, ಕಪ್ಪೆ, ಹಾವು, ಹಕ್ಕಿ, ಹಸು, ನಾನು, ನೀವು. ಇಲ್ಲಿಯೂ ಹಳೆಯ ಗೋಡೆಗಳು ಅಲುಗಿವೆ. ಹಕ್ಕಿಗಳನ್ನು ಈಗ ಸರೀಸೃಪಗಳ ಕವಲೆಂದೇ ಎಣಿಸುತ್ತಾರೆ. ಶ್ವಾಸಕೋಶವುಳ್ಳ ಮೀನು ಬಂಗುಡೆಗಿಂತ ಹಸುವಿಗೆ ಹತ್ತಿರದ ನೆಂಟ.

ಇನ್ನೊಂದು ಅಚ್ಚರಿ ನಮ್ಮ ಕಾಲದಲ್ಲಿಯೇ ಬಂದಿತು. ಮೀನಿನಂತೆ ಕಾಣುವ ಆಂಫಿಯಾಕ್ಸಸ್ ನಮಗೆ ಹತ್ತಿರ, ಕಡಲತಿತ್ತಿ ದೂರ ಎಂದು ಬಹುಕಾಲ ಎಲ್ಲರೂ ಬರೆಯುತ್ತಿದ್ದರು. ೨೦೦೬ರಲ್ಲಿ ವಂಶವಾಹಿಗಳನ್ನು ಹೋಲಿಸಿದ ವಿದ್ವಾಂಸರು, ಕಶೇರುಕಗಳಿಗೆ ಅತಿ ಸಮೀಪದ ಜೀವಂತ ಬಂಧು ಆಂಫಿಯಾಕ್ಸಸ್ ಅಲ್ಲ, ಕಂಚುಕಪ್ರಾಣಿಗಳೇ ಎಂದು ಕಂಡರು. ೨೦೦೮ರಲ್ಲಿ ಆಂಫಿಯಾಕ್ಸಸ್‌ನ ವಂಶವಾಹಿಗಳನ್ನೆಲ್ಲ ಓದಿದ ಮೇಲೆ ಅದು ಗಟ್ಟಿಯಾಯಿತು. ಬಂಡೆಯ ಮೇಲೆ ಬಾಯಿ ತೆರೆದು ಕೂತ ಚೀಲವೇ ಹತ್ತಿರದ ದಾಯಾದಿ. ಕೊವಾಲೆವ್ಸ್ಕಿ ೧೯೦೧ರಲ್ಲಿಯೇ ತೀರಿಕೊಂಡಿದ್ದ. ಆತನೂ ಇಷ್ಟನ್ನು ನಿರೀಕ್ಷಿಸಿರಲಾರ.

ಕೊನೆಗೆ ನನ್ನ ಬೆನ್ನಿನ ವಿಚಾರ. ನಮ್ಮಲ್ಲಿ ಬೆನ್ನುತಂತಿ ಏನಾಗುತ್ತದೆ? ತಾಯ ಗರ್ಭದಲ್ಲಿ ಮೊದಲ ವಾರಗಳಲ್ಲಿ ನಮಗೂ ಅದು ಮೂಡುತ್ತದೆ; ಅದರ ಸುತ್ತ ಬೆನ್ನುಮಣಿಗಳು ಕಟ್ಟಿಕೊಂಡಂತೆ ಅಳಿಸಿಹೋಗುತ್ತದೆ. ಆದರೆ ಪೂರ್ತಿಯಾಗಿ ಅಲ್ಲ. ಮಣಿ ಮಣಿಯ ನಡುವಿನ ಬಿಲ್ಲೆಗಳ ಒಳಗಿರುವ ಲೋಳೆಯಂಥ ತಿರುಳು ಆ ತಂತಿಯಿಂದ ಹುಟ್ಟಿದ್ದು. ವೈದ್ಯರು ಜಾರಿದೆಯೆಂದದ್ದು ಅದೇ. ಕಡಲತಿತ್ತಿ ಎಳೆತನದಲ್ಲಿಯೇ ಕಳೆದುಕೊಳ್ಳುವುದನ್ನು ನಾನು ನಲವತ್ತು ದಾಟಿದರೂ ಬೆನ್ನಿನಲ್ಲಿ ಹೊತ್ತಿದ್ದೇನೆ. ಅದು ನೋಯುತ್ತಲೂ ಇದೆ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಪರೀಕ್ಷೆಯಲ್ಲಿ ಕಾರ್ಡೇಟದ ಲಕ್ಷಣಗಳನ್ನು ಕೇಳಿದ್ದರಂತೆ. ಎರಡು ಅಂಕದ ಪ್ರಶ್ನೆ. "ಕೊವಾಲೆವ್ಸ್ಕಿಯ ಹೆಸರು ಬರೆದೆಯಾ?" ಎಂದೆ. "ಜಾಗವಿರಲಿಲ್ಲ ಅಪ್ಪಾ. ಆದರೆ 'ಯಾವುದಾದರೊಂದು ಹಂತದಲ್ಲಿ' ಎಂಬುದರ ಕೆಳಗೆ ಗೆರೆ ಎಳೆದು ಬಂದೆ" ಎಂದಳು.